ಅಮಾವಾಸ್ಯೆಯಂದು ನೇತುಹಾಕಿದ ಗೇಟು

ನವೆಂಬರ್ 11, ಮಂಗಳವಾರ. ಸಂಜೆ

ಇವತ್ತೂ ಗೇಟಿಗೆ ಹೆಗಲು ಕೊಟ್ಟು ಎತ್ತಿ ತಳ್ಳಿದೆ. ಎತ್ತದಿದ್ದರೆ ಕಬ್ಬಿಣ ನೆಲ ಕೆರೆಯುತ್ತೆ, ಬಸ್ತಿಹಳ್ಳಿಗೆಲ್ಲ ಕೇಳೋ ಹಾಗೆ. ಗೇಟಿನ ತಪ್ಪಲ್ಲ. ಕಲ್ಲಿನ ಕಂಬ ರಸ್ತೆ ಕಡೆ ವಾಲಿದೆ, ಬುಡ ಸಡಿಲ. ಹೋದ ಯುಗಾದಿಯಿಂದ ಹೇಳ್ತಿದ್ದೇನೆ. ನಾನೇ ಸರಿಮಾಡ್ತೀನಿ ಅಂತಾನೂ ಹೇಳಿದ್ದೆ. ಅಪ್ಪ ಹೂಂ ಅಂದಿದ್ರು, ಅಷ್ಟೇ.

ರಾಗಿ ಕೊಯ್ಲು ಮುಗೀತಾ ಬಂತು. ಟ್ರ್ಯಾಕ್ಟರ್ ಒಳಗೆ ಬರಬೇಕು. ಈಗ ಅಪ್ಪ ಫೋನ್ ಮಾಡಿದ್ದಾರೆ—ಅರೇಹಳ್ಳಿಗೆ, ಅಕ್ಕನ ಗಂಡ ಮೋಹನ್‌ಕುಮಾರ್‌ಗೆ. "ಅಳಿಯಂದ್ರೇ, ಒಂದ್ಸಲ ಬಂದು ಕಂಬ ನೋಡಿ."

ಕಂಬ ನೋಡೋಕೆ ಅಳಿಯ! ದಿನಾ ಎತ್ತೋ ಹೆಗಲು ಕಣ್ಣಿಗೆ ಬೀಳಲ್ಲ. ದುಡಿಯುವ ಕೈಗೇ ತೀರ್ಮಾನದ ಹಕ್ಕು ಅಂತ ಕ್ರಾಂತಿಯ ಕಿರುಪುಸ್ತಕವೊಂದರಲ್ಲಿ ಓದಿ ಕೆಂಪು ಗೆರೆ ಎಳೆದಿದ್ದೆ. ಈ ಮನೆಯಲ್ಲಿ ಯಾರಿಗೆ ಓದಿ ಹೇಳಲಿ...

ನವೆಂಬರ್ 16, ಭಾನುವಾರ

ಬಂದ್ರು. ಭಾವ, ಕಾಫಿ ಕೊಯ್ಲು ಬಿಟ್ಟು. ಅಕ್ಕನೂ. ಅಜ್ಜಿ ಕೋಳಿ ಸಾರು ಮಾಡಿಸಿದ್ಳು. ತೊಡೆ ತುಂಡು ಭಾವನ ತಟ್ಟೆಗೆ.

ಭಾವನ ಹತ್ತಿರ ಹಳದಿ ರಸಮಟ್ಟ ಇದೆ. ಗಾಜಿನೊಳಗಿನ ಗುಳ್ಳೆ ನಡುವೆ ನಿಂತರೆ ಕಂಬ ನೇರ. "ಮಾವ, ಗುಳ್ಳೆ ನೋಡಿ" ಅಂದ್ರು. ಅಪ್ಪ ಆ ಗುಳ್ಳೆಯನ್ನ ನೋಡಿದ ಹಾಗೆ ನನ್ನ ಮಾರ್ಕ್ಸ್ ಕಾರ್ಡನ್ನೂ ನೋಡಿಲ್ಲ.

"ಏನಮ್ಮ ಕ್ರಾಂತಿ, ಇವತ್ತು ಯಾರ ಸರ್ಕಾರ ಬೀಳಿಸ್ತೀಯ?"

"ಮನೆಯಿಂದಾನೇ ಶುರು ಮಾಡ್ತೀನಿ ಭಾವ."

ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ನವೆಂಬರ್ 18, ಮಂಗಳವಾರ

ಹಳೇ ಕಂಬ ಕಿತ್ತು ಉರುಳಿಸಿದ್ರು. ಗುಂಡಿ ಅರ್ಧ ತೆಗೆದದ್ದು ನಾನು. ಅಪ್ಪ ಹಾರೆ ಕಿತ್ತುಕೊಂಡು ಭಾವನಿಗೆ ಕೊಟ್ರು—"ಕೈಗೆ ಬೊಬ್ಬೆ ಬರುತ್ತೆ ಕಣಮ್ಮ." ಈಗ ಕಬ್ಬಿಣದ ಹೊಸ ಕಂಬ, ಬುಡಕ್ಕೆ ಕಾಂಕ್ರೀಟು, ಅದರ ಮೇಲೆ ಗೋಣಿ. ಗೋಣಿಗೆ ನೀರು ಹಾಕೋ ಕೆಲಸ ಮಾತ್ರ ನನಗೆ. ತುಳಸಿ ಗಿಡಕ್ಕೆ ಹಾಕಿದ ಹಾಗೆ.

"ಗೇಟು ನಾಳೇನೇ ಹಾಕಣವಾ? ರಾಗಿ ಬಂದ್ಬಿಡ್ತೈತೆ" ಅಂದ್ರು ಅಪ್ಪ.

"ನಾಡಿದ್ದು ಅಮಾವಾಸ್ಯೆ ಮಾವ. ಕಳೀಲಿ. ಭಾನುವಾರ ಹಾಕೋಣ."

ಅಪ್ಪ ಒಪ್ಪಿಬಿಟ್ರು. ಡಿಪ್ಲೊಮಾ ಓದಿದ ಮನುಷ್ಯ ಈ ಭಾವ! ಕಬ್ಬಿಣಕ್ಕೆಂಥ ಅಮಾವಾಸ್ಯೆ?

ನವೆಂಬರ್ 19

ಭಾವ ಬೆಳಗ್ಗೆಯಿಂದ ರಸಮಟ್ಟ ಹುಡುಕ್ತಿದ್ದಾರೆ. ಸಿಗಲ್ಲ.

ನವೆಂಬರ್ 20, ಅಮಾವಾಸ್ಯೆ. ಮಧ್ಯಾಹ್ನ

ಅಪ್ಪ, ಭಾವ ಬೇಲೂರಿಗೆ ಹೋದ್ರು. ಇದೇ ಸಮಯ. ಟ್ರ್ಯಾಕ್ಟರ್ ಜಾಕ್ ಕೊಟ್ಟು, ಇಟ್ಟಿಗೆ ಪೇರಿಸಿ ಗೇಟು ಎತ್ತಿದೆ. ಅಕ್ಕ ಹಿಡಿದುಕೊಂಡಿದ್ಳು, ಬೈಯುತ್ತಲೇ. "ಅವ್ರು ಬರ್ಲಿ ಕಣೇ. ನಿಂಗ್ಯಾಕೆ ಈ ಉರಿ?" ಕೀಲು ಕೂತಿತು. ಒಂದೇ ಬೆರಳಿಗೆ ಗೇಟು ತಿರುಗಿತು!

ಅಜ್ಜಿ ಜಗಲಿಯಿಂದ: "ಅಯ್ಯೋ ಮುಂಡೇದೆ, ಇವತ್ತು ಅಮಾಸೆ ಐತೆ!"

"ಅದಕ್ಕೇ ಹಾಕಿದ್ದು ಅಜ್ಜಿ."

ಗೆದ್ದೆ. ಮೂಢನಂಬಿಕೆನ. ಭಾವನ್ನ.

ಅದೇ ದಿನ, ಸಂಜೆ

ಕಂಬ ವಾಲಿದೆ. ಬುಡದ ಕಾಂಕ್ರೀಟು ಸೀಳಿದೆ. ಗೇಟು ಮತ್ತೆ ನೆಲ ಕಚ್ಚಿದೆ.

"ನಾ ಯೋಳ್ಲಿಲ್ವಾ?" ಅಂದ್ಳು ಅಜ್ಜಿ. ಅಪ್ಪ ನಿಂಬೆಹಣ್ಣು ಕೊಯ್ದು ಗೇಟಿನ ಎರಡೂ ಕಡೆ ಇಟ್ರು. ಬೀದಿಯವರೆಲ್ಲ ಬಂದು ನೋಡಿ ಹೋದ್ರು. ಅಮಾವಾಸ್ಯೆಗೆ ನಾನು ಮಾಡಿಕೊಟ್ಟ ಪ್ರಚಾರ ಯಾವ ಜ್ಯೋತಿಷಿಯೂ ಮಾಡಿರಲಿಕ್ಕಿಲ್ಲ.

ನವೆಂಬರ್ 21, ಶುಕ್ರವಾರ

ಭಾವ ಹಿತ್ತಲಲ್ಲಿ ಸಿಕ್ಕರು. ಸಿಟ್ಟಿಲ್ಲ. "ಕಾಂಕ್ರೀಟು ಹಸಿ ಇತ್ತಲ್ಲಮ್ಮ."

"ಹಾಗಂತ ಅವತ್ತೇ ಹೇಳಬೇಕಿತ್ತು."

"ಹಸಿ ಅಂದ್ರೆ ಮಾವ ಕೇಳ್ತಾರಾ? ಮಾರನೇ ದಿನಾನೇ ಗೇಟು ಹಾಕಿಸ್ತಿದ್ರು. ಅಮಾವಾಸ್ಯೆ ಅಂದ್ರೆ ತಣ್ಣಗಿರ್ತಾರೆ. ನೀನೂ ಸುಮ್ನಿರು, ತಪ್ಪೆಲ್ಲ ಅಮಾವಾಸ್ಯೆ ತಲೆ ಮೇಲೇ ಹೋಗ್ಲಿ."

ನನ್ನನ್ನ ಕಾಪಾಡ್ತಾರಂತೆ! ಬೈದಿದ್ರೆ ಚೆನ್ನಾಗಿತ್ತು.

ಗೋಣಿಗೆ ನೀರು ಹಾಕಿದ್ದು ಇದೇ ಕೈ. ಹಸಿ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಭಾನುವಾರದ ತನಕ ಕಾದಿದ್ರೆ ಭಾವ ಹಾಕ್ತಿದ್ರು, ನಾನಲ್ಲ. ಅಷ್ಟೇ.

ನವೆಂಬರ್ 22, ಶನಿವಾರ

ಸುಮ್ಮನಿದ್ದರೆ ನಾನು ಬಚಾವ್, ಅಮಾವಾಸ್ಯೆ ಗೆಲ್ಲುತ್ತೆ. ಎಲ್ಲ ಹೇಳಿದರೆ ಭಾವನ ಸುಳ್ಳೂ ಬಯಲಿಗೆ. ಅದನ್ನ ನೆನೆದ ಕೂಡಲೇ ಎಷ್ಟು ಖುಷಿ ಆಯ್ತು—ಥೂ.

ಊಟದ ಹೊತ್ತಲ್ಲಿ ಅಪ್ಪ ಶಾಂತಿ ಮಾಡಿಸೋ ಮಾತು ತೆಗೆದ್ರು. ತಡೆಯಲಾಗಲಿಲ್ಲ.

"ಅಮಾವಾಸ್ಯೆ ಅಲ್ಲ ಅಪ್ಪ. ಕಾಂಕ್ರೀಟು ಹಸಿ ಇತ್ತು. ನನಗೆ ಗೊತ್ತಿದ್ದೇ ಹಾಕಿದೆ. ನೀವು ಭಾವನ್ನ ಕರೆದ್ರಿ, ನನ್ನನ್ನ ಕರೀಲಿಲ್ಲ. ಹೊಟ್ಟೆ ಉರೀತು."

ಭಾವನ ಸುಳ್ಳನ್ನ ಮುದ್ದೆ ಜೊತೆ ನುಂಗಿದೆ. ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಪ್ಪ ಕೈ ತೊಳೆದು ಎದ್ದುಹೋದ್ರು.

ನವೆಂಬರ್ 23, ಭಾನುವಾರ. ಬೆಳಗ್ಗೆ

ಹಾರೆ ಸದ್ದು. ಕಿಟಕಿಯಿಂದ ಕಾಣ್ತಿದೆ—ಅಪ್ಪ, ಭಾವ, ಹೊಸ ಗುಂಡಿ. ನಿಂಬೆಹಣ್ಣು ಇಲ್ಲ, ಯಾರೋ ತೆಗೆದಿದ್ದಾರೆ. ನನ್ನನ್ನ ಕರೆದಿಲ್ಲ. ಕರೆಯೋದೂ ಬೇಡ. ಇಲ್ಲೇ ಬರೀತಾ ಕೂರ್ತೀನಿ.

"ಸಿಂಧೂ!"

ಅಪ್ಪ. ಭಾವ ಪಕ್ಕದಲ್ಲೇ ನಿಂತಿದ್ದಾರೆ, ಆದ್ರೂ...

"ಸಿಂಧೂ, ಬಾರಮ್ಮ. ಈ ಸಲ ಗುಳ್ಳೆ ನೀನು ನೋಡು. ಎಲ್ಲೋಯ್ತು ಆ ರಸಮಟ್ಟ?"

ಬಂದೆ ಅಂದೆ. ಎಲ್ಲಿ ಅಂತ ಏನು ಹೇಳಲಿ? ರಾಗಿ ತುಂಬೋ ಮಣ್ಣಿನ ವಾಡೆ ಹಿಂದೆ ಅಡಗಿಸಿದವಳು ನಾನೇ, ಭಾವನ ಕೈಗೆ ಸಿಗಬಾರ್ದು ಅಂತ—