ಚಲಾವ್ ಓದಿದ ಎರಡು ಸಾಲು

ವಾಂಗ್ ಖಾವ್
ಏಪ್ರಿಲ್ ೨೦, ಬೌದ್ಧ ವರ್ಷ ೨೫೬೭

ಮಗಳೇ ಕೇಸೊನ್,

ಮಾರ್ಚ್ ಹನ್ನೆರಡರ ಬೆಳಿಗ್ಗೆ, ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳನ್ನು ಮುಖ ತೊಳೆಯಲೂ ಬಿಡದೆ ಪೊಲೀಸರು ಕರೆದೊಯ್ದರು. ಅರಮನೆಯ ಬಗ್ಗೆ ಫೇಸ್‌ಬುಕ್ಕಿನಲ್ಲಿ ಎರಡು ಸಾಲಿನ ಪ್ರಶ್ನೆ ಕೇಳಿದ್ದು ನೀನು ಮಾಡಿದ ರಾಜನಿಂದನೆ. ಜೈಲಿನಲ್ಲಿ ನಿನಗೆ ಇಂದಿಗೆ ಮೂವತ್ತೊಂಬತ್ತು ದಿನ. ಬೆನ್ನುನೋವು ಹೇಗಿದೆ? ಹೊದಿಕೆಯನ್ನೇ ಮಡಚಿ ಸೊಂಟದ ಕೆಳಗೆ ಇಟ್ಟುಕೋ. ಸೊಂಗ್ಕ್ರಾನ್ ಹೊಸವರ್ಷದ ದಿನ ಆಶೀರ್ವಾದ ಬೇಡಿ ನಿನ್ನ ಅಮ್ಮ ನನ್ನ ಕೈಮೇಲೆ ಮಲ್ಲಿಗೆ ನೀರು ಸುರಿದು, ನಿನ್ನ ಪಾಲಿನದನ್ನೂ ತಾನೇ ಸುರಿದಳು.

ದೊಡ್ಡಮ್ಮ ಚಲಾವ್ ವಿಷಯ ನಿನಗೆ ಗೊತ್ತಿಲ್ಲ. ಹೋದ ವಾರ ಸಂತೆಯಲ್ಲಿ ಬಾಳೆಹಣ್ಣು ಸುಡುತ್ತ ಕೂತಿದ್ದಾಗ ಮೀನಿನವಳು ಕೆಣಕಿದಳಂತೆ, "ಅಂಥದ್ದೇನ್ ಬರೆದ್ಲೇ ನಿನ್ ತಂಗಿ ಮಗಳು, ಬಾಂಬ್ ಹಾಕ್ತೀನಿ ಅಂದ್ಲಾ?" ಚಲಾವ್‌ಗೆ ರೇಗಿತು. "ಬಾಂಬೂ ಇಲ್ಲ ಗೀಂಬೂ ಇಲ್ಲ, ಕಿವಿ ಬಿಟ್ಕೊಂಡು ಕೇಳು," ಎಂದು ಕನ್ನಡಕ ಹಾಕಿಕೊಂಡು ಫೋನಿನಲ್ಲಿದ್ದ ನಿನ್ನ ಎರಡೂ ಸಾಲುಗಳನ್ನು ಗಟ್ಟಿಯಾಗಿ ಓದಿಬಿಟ್ಟಳು. ನಿನ್ನ ಮಾತಿನಲ್ಲಿ ತಪ್ಪಿಲ್ಲವೆಂದು ತೋರಿಸುವುದಷ್ಟೇ ಅವಳ ಆಸೆ. ಯಾರೋ ಮೊಬೈಲಿನಲ್ಲಿ ಹಿಡಿದು ದೂರು ಕೊಟ್ಟರು. ಈ ಕಾನೂನಿನಲ್ಲಿ ದಾರಿಹೋಕನೂ ದೂರು ಕೊಡಬಹುದಲ್ಲ. ಸೋಮವಾರ ಅವಳು ಠಾಣೆಗೆ ಹಾಜರಾಗಬೇಕು.

ಮಗಳ ತಪ್ಪು ಯಾವ ಮಾತಿನಲ್ಲಿದೆ ಎಂದು ಠಾಣೆಯಲ್ಲಿ ಕೇಳಿದೆ. ಅಲ್ಲಿನ ಅಧಿಕಾರಿ ನನ್ನ ಹಳೆಯ ವಿದ್ಯಾರ್ಥಿ. ಬಾಗಿಲತ್ತ ನೋಡಿ, "ನಾನ್ ಅದನ್ನ ಬಾಯಲ್ಲಿ ಹೇಳಿದ್ರೆ ನನ್ ಮೇಲೂ ಕೇಸು ಬೀಳುತ್ತೆ ಮೇಷ್ಟ್ರೇ. ನೀವೂ ಮನೇಲಿ ಹೇಳ್ಕೋಬೇಡಿ," ಎಂದ. ಹಾಗಾಗಿ ಊರವರು ಕೇಳಿದಾಗಲೆಲ್ಲ ಸುಮ್ಮನಿರುತ್ತೇನೆ. ಸುಮ್ಮನಿದ್ದಷ್ಟೂ ನೀನು ಏನೋ ಘೋರವಾದದ್ದನ್ನೇ ಬರೆದಿರಬೇಕೆಂದು ಅವರು ನಂಬುತ್ತಾರೆ. ನಲವತ್ತೇಳು ವರ್ಷದ ಹಿಂದೆ, ೨೫೧೯ರ ಅಕ್ಟೋಬರಿನಲ್ಲಿ ನಾನು ಬ್ಯಾಂಕಾಕಿನಲ್ಲಿ ವಿದ್ಯಾರ್ಥಿ. ಗೆಳೆಯರನ್ನು ಪೊಲೀಸರು ವಿಶ್ವವಿದ್ಯಾಲಯದ ಹುಲ್ಲಿನ ಮೇಲೆ ಮಲಗಿಸಿ ಹೊಡೆದದ್ದನ್ನು ಕಂಡವನು. ಆ ತಿಂಗಳೇ ಏಳು ವರ್ಷವಿದ್ದ ರಾಜನಿಂದನೆಯ ಈ ಶಿಕ್ಷೆಯನ್ನು ಹದಿನೈದಕ್ಕೆ ಏರಿಸಿದರು. ಮೂವತ್ತು ವರ್ಷ ಇತಿಹಾಸದ ಪಾಠ ಮಾಡಿದ ನಾನು ಆ ಪುಟ ಬಂದಾಗಲೆಲ್ಲ ಮುಂದಕ್ಕೆ ದಾಟಿದೆ. ನೀನು ದಾಟಲಿಲ್ಲ.

ತಪ್ಪೊಪ್ಪಿಗೆಗೆ ಸಹಿ ಹಾಕು, ಶಿಕ್ಷೆ ಅರ್ಧವಾಗುತ್ತದೆ ಎಂದು ಹೋದ ಭೇಟಿಯಲ್ಲಿ ಗಾಜಿನಾಚೆಯಿಂದ ಅಂಗಲಾಚಿದ್ದೆ. ನೀನು ಬರುವ ಬುಧವಾರ ಹೇಳುತ್ತೇನೆಂದೆ. ಊಟ ಬಿಡಬೇಡ. ನಿನಗೆ ಒಳ್ಳೆಯದಾಗಲಿ, ಕೂಸೇ.

ನಿನ್ನ ಅಪ್ಪ,
ಪ್ರದಿತ್

ಮತ್ತೆ: ಅಂಚೆಯವನು ಬರುವಷ್ಟರಲ್ಲಿ ಇದನ್ನು ಬರೆಯಬೇಕು. ವಕೀಲೆ ಈಗ ಫೋನ್ ಮಾಡಿದ್ದರು. ಆ ಸಾಲುಗಳು ಅಪರಾಧವೆಂದು ನೀನು ಒಪ್ಪಿದರೆ, ಅವನ್ನೇ ಓದಿದ ಚಲಾವ್ ಶಿಕ್ಷೆಯಿಂದ ಪಾರಾಗುವುದು ಕಷ್ಟವಂತೆ. ಸಹಿ ಹಾಕದಿದ್ದರೆ ನಿನಗೆ ಪೂರ್ತಿ ಶಿಕ್ಷೆ. ಚಲಾವ್, "ಸಹಿ ಹಾಕ್ಲಿ ಬಿಡಪ್ಪಾ, ನಂಗೆ ಎಪ್ಪತ್ತೊಂದು, ಅವಳು ಇನ್ನೂ ಬದುಕ್ಬೇಕು," ಅನ್ನುತ್ತಾಳೆ. ಯಾರನ್ನು ಒಳಗಿಡಬೇಕೆಂದು ನನ್ನಿಂದ ಹೇಳಲಾಗದು ಮಗಳೇ. ನಿನಗಿಂತ ಮೊದಲು ಈ ಕಾಗದ ಓದುವ ಅಧಿಕಾರಿಗಳೇ, ಇದನ್ನು ನಿಮ್ಮ ಮೇಲಿನವರಿಗೂ ತೋರಿಸಿ. ಆ ಎರಡು ಸಾಲಿನಲ್ಲಿ ಯಾವ ಪದ ಅಪರಾಧ? ಬಾಗಿಲು ತೆರೆದ ನ್ಯಾಯಾಲಯದಲ್ಲಿ, ನಮ್ಮ ಸಂತೆಯವರೆಲ್ಲ ಕೂತಿರುವಾಗ, ಅದನ್ನು ಗಟ್ಟಿಯಾಗಿ ಓದಿ ಹೇಳಿ.