ಹಸಿರು ಗುಂಡಿ ಒತ್ತಿದ ತಪ್ಪಿಗೆ ಐಲಿಯನ್ನು ಹೊರಹಾಕಬೇಡಿ

ಹಿರಿಯರ ವಸತಿ ಕಟ್ಟಡದ ಮಾನ್ಯ ನಿರ್ದೇಶಕರೇ,

ಬರುವ ಶುಕ್ರವಾರ ಐಲಿ ನಿಯೆಮಿಯ ಮನೆ ಖಾಲಿ ಮಾಡಿಸಿ, ಆಕೆಯನ್ನು ಆಸ್ಪತ್ರೆಯಿಂದ ನೇರವಾಗಿ ನರ್ಸಿಂಗ್ ಹೋಮಿಗೆ ಸಾಗಿಸಲು ಹೊರಟಿದ್ದೀರಿ. "ಫೋನ್ ಬಳಸಲು ಅಸಮರ್ಥಳು" ಎಂಬುದು ನೀವು ಬರೆದ ಕಾರಣ. ಎಂಬತ್ನಾಲ್ಕರ ಈ ಹೆಂಗಸು ಭಾನುವಾರ ತಪ್ಪದೆ ಅದೇ ಫೋನಿನಲ್ಲಿ ದೂರದ ಥಂಡರ್ ಬೇ ಊರಿನಲ್ಲಿರುವ ತಂಗಿಯ ಮುಖ ನೋಡುತ್ತಾ ಕಾಫಿ ಕುಡಿಯುತ್ತಾಳೆ. ಅಸಮರ್ಥಳಂತೆ!

ಇಲ್ಲೇ ವಾಸವಿದ್ದು, ಹನ್ನೊಂದು ವರ್ಷ ಆರನೇ ಮಹಡಿಯವರನ್ನು ನೋಡಿಕೊಂಡವಳು ನಾನು. ಮಲಗುವ ಮುಂಚೆ ಎಲ್ಲರೂ ಬಾಗಿಲ ಹಿಡಿಗೆ ರಟ್ಟಿನ ಚೀಟಿ ನೇತುಹಾಕುತ್ತಿದ್ದರು, ಎದ್ದೊಡನೆ ಒಳಗೆ ತೆಗೆದುಕೊಳ್ಳುತ್ತಿದ್ದರು. ಹತ್ತು ಗಂಟೆಗೂ ಚೀಟಿ ಅಲ್ಲೇ ಇದ್ದರೆ ನಾನು ಬಾಗಿಲು ಬಡಿಯುತ್ತಿದ್ದೆ. "ಇನ್ನೂ ಸತ್ತಿಲ್ಲ ಕಣೇ, ಹೋಗೇ!" ಅಂತ ಐಲಿ ಒಳಗಿಂದಲೇ ಬೈಯುತ್ತಿದ್ದಳು. ತಮಗೆ ಇದು ಓಬೀರಾಯನ ಕಾಲದ್ದು ಅನಿಸಿತು. ಚೀಟಿ ಕಿತ್ತುಹಾಕಿ ಆ್ಯಪ್ ತಂದಿರಿ. ಬೆಳಿಗ್ಗೆ ಎಂಟಕ್ಕೆ ಫೋನ್ ರಿಂಗಾಗುತ್ತದೆ, ಪರದೆಯ ತುಂಬ ಒಂದೇ ಹಸಿರು ಗುಂಡಿ: "ನಾನು ಕ್ಷೇಮ". ಒತ್ತದಿದ್ದರೆ ಮಾತ್ರ ಯಾರಾದರೂ ಬಂದು ನೋಡುತ್ತಾರೆ. ಇಂಥ ಬುದ್ಧಿವಂತಿಕೆಗೆ ಸನ್ಮಾನ ಆಗಿಲ್ಲವೇ ಸ್ವಾಮಿ?

ಕಳೆದ ತಿಂಗಳು ಒಂದು ಮಂಗಳವಾರ ಮುಂಜಾನೆ ಐಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಕನ್ನಡಕ ಸಿಂಕಿನ ಮೇಲಿತ್ತು, ಅದಿಲ್ಲದೆ ಯಾರ ನಂಬರೂ ಹುಡುಕಲಾಗದು; ಫೋನ್ ನಿಲುವಂಗಿಯ ಜೇಬಿನಲ್ಲಿ. ಎಂಟಕ್ಕೆ ಅದು ರಿಂಗಾದಾಗ ಕಣ್ಣಿಗೆ ಕಂಡದ್ದು ಹಸಿರು ಬಣ್ಣವೊಂದೇ. ನಮ್ಮ ವಯಸ್ಸಿನವರಿಗೆ ಹಸಿರು ಒತ್ತುವುದೆಂದರೆ ಕರೆ ಎತ್ತಿಕೊಂಡ ಹಾಗೆ, ಆಚೆ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಒತ್ತಿದಳು. "ಬಿದ್ದುಬಿಟ್ಟಿದ್ದೀನಿ, ಬನ್ರಪ್ಪಾ" ಎಂದು ಕೂಗಿದಳು. ಬುಧವಾರವೂ ಒತ್ತಿದಳು. ಗುರುವಾರವೂ.

ನಾನೇನು ಮಾಡುತ್ತಿದ್ದೆ? ಸೋಮವಾರ ಇಸ್ಪೀಟಿನಲ್ಲಿ "ಮೋಸಗಾತಿ" ಅಂದಿದ್ದೆನಲ್ಲ, ಮುನಿಸಿಕೊಂಡಿದ್ದಾಳೆ ಅಂದುಕೊಂಡೆ. ಆ್ಯಪ್ ನೋಡಿ ನೀವು ದಿನವೂ ಕೆಳಗೆ ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ಆಕೆ ದಿನವೂ ಕ್ಷೇಮವಾಗಿದ್ದಳು. ನಂಬಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಗುರುವಾರ ಮಧ್ಯಾಹ್ನ ರಾಜಿಯಾಗೋಣವೆಂದು ಏಲಕ್ಕಿ ಬ್ರೆಡ್ ಹಿಡಿದು ಬಾಗಿಲಿಗೆ ಹೋದಾಗ ಒಳಗಿಂದ ನರಳುವುದು ಕೇಳಿಸಿತು.

ನಿನ್ನೆ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದಳು: "ಅಷ್ಟು ಕೂಗಿದ್ನಲ್ಲೇ ವರ್ನಾ, ಆ ಕಡೆ ಯಾರೂ ಇರ್ಲೇ ಇಲ್ವಾ?"

ಐಲಿಯ ಮನೆ ಐಲಿಗೇ ಇರಲಿ, ಬೇಡಿಕೊಳ್ಳುತ್ತೇನೆ. ಶುಕ್ರವಾರದ ಒಳಗೆ ತಾವೇ ಆಸ್ಪತ್ರೆಗೆ ಹೋಗಿ, ಆಕೆಯ ಹಾಸಿಗೆ ಪಕ್ಕ ಕೂತು, ಆ ಪ್ರಶ್ನೆಗೆ ತಮ್ಮ ಬಾಯಿಂದಲೇ ಉತ್ತರ ಹೇಳಿ.

ಇಂತಿ,
ತಮ್ಮ ಪಟ್ಟಿಯ ಪ್ರಕಾರ ಇವತ್ತೂ ಕ್ಷೇಮವಾಗಿರುವ,
ವರ್ನಾ ಸಾರಿನೆನ್
ಆರನೇ ಮಹಡಿ