ಕಾಕಾ, ನಿಮ್ಮ ಸಾಲು ಪರದೆಗೆ ಬಂತು

ಯಲ್ಲಪ್ಪ ಕಾಕಾ,

ಕಟ್ಟಿಗೆ ಅಡ್ಡೆಯ ತೂಕದ ಕಾಟಾ ಎದುರು ನೀವು ಜಗಳಕ್ಕೆ ನಿಂತ ದಿನ ನೆನಪಿದೆಯೇ? ನಿಮ್ಮ ಹಮಾಲರ ತಂಡ ಇಳಿಸಿದ ಲೋಡಿನ ತೂಕ ಕಡಿಮೆ ತೋರಿಸುತ್ತಿತ್ತು. ಗುಮಾಸ್ತ ತಲೆಯೆತ್ತದೆ, ತಾನೇನು ಮಾಡಲಿ, ಕಂಪ್ಯೂಟರ್ ಹೇಳಿದ್ದೇ ಲೆಕ್ಕ ಎಂದ. "ಅದಕ್ಕ ಹೇಳಿಕೊಟ್ಟಾವ ಯಾರ?" ಎಂದು ನೀವು ಕೇಳಿದಿರಿ. ಆತ ನಕ್ಕ. ನೀವು ನೇರವಾಗಿ ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಗೆ ಬಂದಿರಿ. "ತಂಗಿ, ಕಂಪ್ಯೂಟರಿಗೆ ಹುಕುಂ ಕೊಡೂದು ನನಗೂ ಕಲಸು. ಒಮ್ಮೆರ ಅದು ನನ್ನ ಮಾತು ಕೇಳಬೇಕು."

ದಾಂಡೇಲಿಯಲ್ಲಿ ಕೈಗೆ ಸಿಕ್ಕ ಕಾರ್ಮಿಕ ಸಂಘದ ಕರಪತ್ರಗಳನ್ನೆಲ್ಲ ಓದಿ ಬೆಳೆದವಳು ನಾನು. ಯಂತ್ರ ಯಾರ ಕೈಯಲ್ಲಿದೆ ಎಂದು ಅವು ಕೇಳುತ್ತಿದ್ದವು. ಯಂತ್ರದ ಭಾಷೆ ಯಾರ ಬಾಯಲ್ಲಿದೆ ಎಂದು ಕೇಳಿದವರು ನೀವೊಬ್ಬರೇ.

ಹಳೆಯ ಸಿ ಭಾಷೆಯ ಪುಸ್ತಕ ಎದುರಿಗಿಟ್ಟುಕೊಂಡು, ನೀವು ಹೇಳಿದ ಒಂದು ಸಾಲನ್ನು ಪರದೆಗೆ ತರುವ ಆ ಪುಟ್ಟ ಪ್ರೋಗ್ರಾಮ್ ಬರೆದ ಮಧ್ಯಾಹ್ನ, ನಿಮ್ಮ ದಪ್ಪ ಬೆರಳಿಗೆ ಒಂದರ ಬದಲು ಎರಡು ಅಕ್ಷರ ಬೀಳುತ್ತಿದ್ದವು. ಅಂಗಡಿಯಲ್ಲಿ ಕರಪತ್ರ ಜೋಡಿಸುವ ಸಾಫ್ಟ್‌ವೇರಿನಲ್ಲೇ ಟೈಪ್ ಮಾಡಿದೆವು. ಕೈಗೆ ರೂಢಿಯಿದ್ದದ್ದು ಅದೊಂದೇ. ಅಲ್ಲಿಂದ ಕಾಪಿ ಮಾಡಿ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿಗೆ ಕೊಟ್ಟರೆ ಎರರ್; ಅದರಲ್ಲಿ ‘ಸ್ಟ್ರೇ’ ಎಂಬ ಪದ. ‘ಸ್ಟ್ರೇ’ ಎಂದರೆ ಬಿಡಾಡಿ ಎಂದು ನಿಘಂಟು ನೋಡಿ ನಿಮಗೆ ಹೇಳಿದೆ.

"ದನಕ್ಕ ಅಂತಾರಲ್ಲ, ಹಂಗೇನ? ಕಾಟಾದಾಂವಗಿಂತ ಇದಕ್ಕ ಸೊಕ್ಕು ಜಾಸ್ತಿ ಐತಿ ಬಿಡು."

ಬಿಟ್ಟುಹೋದ ಅರ್ಧವಿರಾಮ ಹುಡುಕಿದೆವು. ಆವರಣಗಳನ್ನು ತಿದ್ದಿದೆವು. ಪ್ರತಿ ಸಂಜೆ ಕೆಲಸ ಬಿಟ್ಟು ಬಂದು ನೀವು ಸ್ಟೂಲ್ ಎಳೆದುಕೊಳ್ಳುತ್ತಿದ್ದಿರಿ, ಮತ್ತೆ ಅದೇ ಎರರ್.

ಆಮೇಲೆ ಆ ಎದೆನೋವು. ಧಾರವಾಡಕ್ಕೆ ಹೊರಟ ಗಾಡಿ ಹಳಿಯಾಳ ದಾಟುವ ಮೊದಲೇ ನೀವು...

ತಪ್ಪು ಎಲ್ಲಿತ್ತು ಗೊತ್ತೇ ಕಾಕಾ? ಸಾಲಿನ ಎರಡು ತುದಿಯ ಉದ್ಧರಣ ಚಿಹ್ನೆಗಳಲ್ಲಿ. ಕರಪತ್ರದ ಸಾಫ್ಟ್‌ವೇರ್ ಅಂದಕ್ಕಾಗಿ ಅವನ್ನು ತಾನೇ ಬಾಗಿಸುತ್ತದೆ. ಕಂಪೈಲರಿಗೆ ಬೇಕಾದದ್ದು ನೆಟ್ಟಗಿನವು. ನಿಮ್ಮ ದಿನಕರ್ಮ ಮುಗಿದ ಮೇಲೆ ನನಗೆ ಇದು ತಿಳಿಯಿತು. ಇಷ್ಟು ಸಣ್ಣದಕ್ಕೆ ನಿಮ್ಮ ಸಾಲು ಪರದೆಗೆ ಬಂದದ್ದನ್ನು ನೀವು ನೋಡದೇ ಹೋದಿರಿ. ನಾನು ಯಾರ ಮೇಲೆ ಸಿಟ್ಟಾಗಲಿ? ಕರಪತ್ರಗಳಲ್ಲಿ ಪ್ರತಿ ನೋವಿಗೂ ಒಬ್ಬ ಶತ್ರು ಇರುತ್ತಿದ್ದ. ಇಲ್ಲಿ ಯಾರಿದ್ದಾರೆ? ಈಗ ಸಂಘದವರ ಜೊತೆ ಅಡ್ಡೆಯ ಗೇಟಿನ ಮುಂದೆ ನಿಂತರೆ ಘೋಷಣೆಯನ್ನು ಅರ್ಧಕ್ಕೇ ಬಿಡುತ್ತೇನೆ.

ನಿನ್ನೆ ಚಿಹ್ನೆಗಳನ್ನು ಬದಲಿಸಿ ಕಂಪೈಲ್ ಮಾಡಿದೆ. ಎರರ್ ಬರಲಿಲ್ಲ. ಒಬ್ಬಳೇ ರನ್ ಮಾಡಲು ಮನಸ್ಸಾಗದೆ ಕಾಕಿಯನ್ನು ಕರೆತಂದು ಕೂರಿಸಿದೆ. ಆ ಕಪ್ಪು ಪರದೆಗೆ ಕನ್ನಡ ಬಾರದು ಎಂದು ನೀವು ಆರಿಸಿದ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದೆವಲ್ಲ, ಅದು ಹಾಗೇ ಬಂತು. ಏನು ಬರೆದಿದೆ ಎಂದು ಕಾಕಿ ಕೇಳಿದರು. ಓದಿ ಹೇಳಿದೆ.

"ನಾವೂ ಅದೀವಿ."

ಕಾಕಿ ಪರದೆಯ ಮೇಲಿನ ಸಾಲನ್ನು ಬೆರಳಿನಿಂದ ಸವರಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾವು ಅಂದ್ರ ಈಗ ಯಾರವಾ?"

ಇನ್ನೊಮ್ಮೆ ರನ್ ಮಾಡಿದೆ. ಅದೇ ಸಾಲು ಬಂತು. ಕಾಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೊರಗೆ ಹೋದರು.